ಮೋಟು ದಂಡಿಯ ತಂಬೂರಿ

ಸೋಮಲಿಂಗ ತಂಬೂರಿಯ ಕಿವಿ ಹಿಂಡುತ್ತಿದ್ದಾಗ ಬೋರವ್ವ ಅವನ ಕೈ ಹಿಡಿದಳು.

"ಏರಸಬ್ಯಾಡೋ. ಇಳಸು. ನಿಮ್ಮ ಕಾಕಾನ ಸ್ವರಕ್ಕ ಇಳಸು."

ಅವಳ ಗಂಡ ಮುತ್ತಪ್ಪ ಗೋಡೆಗೆ ಒರಗಿ, ಹಣೆ ತುಂಬ ಭಂಡಾರದ ಅರಿಶಿನ ಬಳಿಸಿಕೊಂಡು, ಮುಂದಿನ ಹಾಡಿಗೆ ಕಾದವನಂತೆ ಕೂತಿದ್ದ. ಜೀವ ಬೆಳಗ್ಗೆಯೇ ಹೋಗಿತ್ತು. ಗುಡೂರಿನ ಬೀರಪ್ಪನ ಭಜನಾ ಮೇಳ ಸುತ್ತ ಸೇರಿತ್ತು. ಹೆಣ ಎತ್ತುವ ತನಕ ಹಾಡು ನಿಲ್ಲುವಂತಿಲ್ಲ.

"ಕಾಕಿ, ಕಾಕಾನ ದನಿ ಹೋಗಿ ಯಾವ ಕಾಲ ಆತು! ಈಗ ಮ್ಯಾಳ ನನ್ನ ಸ್ವರಕ್ಕ ಹಾಡ್ತೈತಿ."

ಪಕ್ಕದ ಮನೆಯ ನಾಸೀರ, ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು, ಎದೆಯಾಳದಿಂದ ಥೇಟ್ ಮುತ್ತಪ್ಪನ ದನಿ ತೆಗೆದ: "'ಸಾಹೇಬ್ರ, ತಂಬೂರಿ ಮಲಗಿಸಿದ್ರ ಮಂದಿ ತುಳೀತಾರ, ನಿಂದ್ರಿಸಿದ್ರ ತಗಡಿಗೆ ಬಡೀತೈತಿ. ಕುಂದರಸ್ತೇನ್ರಿ!' ಖರೆ ಹೇಳ್ತೇನಿ, ಬಸ್ಸಿನ್ಯಾಗ ಆ ಜಿರಾಫಿಗೆ ಸೀಟ್ ಹುಡುಕಿ ಹುಡುಕಿ ನನಗ ಸಾಕಾಗಿತ್ತು."

ಅಳುತ್ತಿದ್ದ ಹೆಂಗಸರು ಸೆರಗಿನೊಳಗೆ ನಕ್ಕರು. ಬೋರವ್ವ ನಗಲಿಲ್ಲ.

*

ನಾಸೀರ ಕಂಡಕ್ಟರ್ ಆಗಿದ್ದ ಕಾಲಕ್ಕೆ ತಂಬೂರಿಯ ದಂಡಿ ಆಳೆತ್ತರ ಇತ್ತು. ಅಷ್ಟುದ್ದ ಇದ್ದದ್ದಕ್ಕೇ ಖರ್ಜದ ತಂತಿ, ನಾಲ್ಕರಲ್ಲಿ ಕೊನೆಯದು, ಎಲ್ಲಕ್ಕಿಂತ ತಗ್ಗು ಸ್ವರದ್ದು, ಬಾವಿಯೊಳಗಿಂದ ಮಾತಾಡಿದಂತೆ ಗುಂಯ್ ಎನ್ನುತ್ತಿತ್ತು. ಮುತ್ತಪ್ಪನ ತಗ್ಗು ದನಿ ಅದರ ಮೇಲೆ ಕಂಬಳಿ ಹಾಸಿ ಕೂತ ಹಾಗೆ ಸುಖವಾಗಿ ಕೂರುತ್ತಿತ್ತು.

ಒಮ್ಮೆ ಬಾದಾಮಿಯಿಂದ ಬರುವಾಗ ಬಸ್ಸು ಕಿಕ್ಕಿರಿದಿತ್ತು. ತಂಬೂರಿ ಸೀಟಿನಲ್ಲಿ ಕೂತಿತು. ಮೊಣಕಾಲು ಬಾತಿದ್ದ ಬೋರವ್ವ ಊರ ತನಕ ನಿಂತೇ ಬಂದಳು. ಇಳಿಯುವಾಗ ಮೆಟ್ಟಿಲ ಮೇಲೆ ಕುಸಿದಳು.

ಮರುದಿನವೇ ಮುತ್ತಪ್ಪ ಬಡಿಗ್ಯಾರ ಹತ್ತಿರ ಹೋಗಿ ದಂಡಿಯನ್ನು ಮೊಳದಷ್ಟು ಕೊಯ್ಯಿಸಿದ. ತಂತಿ ಅದೇ ಇರುವಾಗ ಸ್ವರ ಎಲ್ಲಿಗೆ ಹೋದೀತು ಎಂದುಕೊಂಡಿದ್ದ. ಗಿಡ್ಡ ದಂಡಿಯಲ್ಲಿ ಹಳೆಯ ಸ್ವರಕ್ಕೆ ಇಳಿಸಿದರೆ ತಂತಿ ಜೋತು ಬಿತ್ತು. ಬಿಗಿದರೆ ಸ್ವರ ಏರಿತು. ಅಲ್ಲಿಗೆ ಅವನ ದನಿ ಏರಲಿಲ್ಲ.

"ನನ್ನ ದನಿ ಹೋತ್ರಪಾ, ಸೋಮಲಿಂಗ ಹಾಡ್ಲಿ," ಎಂದು ಹಿಂದೆ ಸರಿದು ಕೂತ. ಆಮೇಲೆ ಯಾವ ಬಸ್ಸಿನಲ್ಲೂ ತಂಬೂರಿ ಅವನ ತೊಡೆಯ ಮೇಲೆ, ಬೋರವ್ವ ಕಿಟಕಿಯ ಪಕ್ಕ.

*

"ದನಿ ಹೋಗಿದ್ದಿಲ್ಲೋ," ಎಂದಳು ಬೋರವ್ವ. "ಎಮ್ಮಿ ಹಿಂಡೂವಾಗ ದಿನಾ ಹಾಡ್ತಿದ್ರು. ನಿನ್ನೀನೂ ಹಾಡ್ಯಾರ. ನಾ ಕುಂದರಬೇಕಂತ ದಂಡಿ ಕೊಯ್ಸಿದ್ರು. ದನಿ ಹೋದಾಂವ ಅನ್ನಿಸ್ಕೊಂಡು ಮಣ್ಣಿಗೆ ಹೋಗಬಾರ್ದು."

ನಾಸೀರ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಸೋಮಲಿಂಗ ಕಿವಿ ಸಡಿಲಿಸುತ್ತ ಹೋದ.

"ಇಳಸೇನಿ ಕಾಕಿ. ತಂತಿ ಸತ್ತಂಗ ಬಿದ್ದೈತಿ. ಶ್ರುತಿ ಯಾರು ಕೊಡೋರು?"

ಬೋರವ್ವ ಗಂಡನ ಪಕ್ಕ ಕೂತು, ತುಟಿ ಮುಚ್ಚಿ, ಒಂದೇ ತಗ್ಗು ಸ್ವರವನ್ನು ಎಳೆದು ಹಿಡಿದಳು. ಸೋಮಲಿಂಗನ ದನಿ ತಡವರಿಸಿತು, ಕೆಳಗಿಳಿಯಿತು, ಕಡೆಗೆ ಅವಳ ಮಗ್ಗುಲಿಗೆ ಬಂತು. ಮೇಳ ಸೇರಿಕೊಂಡಿತು. ಅವನ ಬೆರಳು ಮಾತ್ರ ರೂಢಿಯಂತೆ ಖರ್ಜವನ್ನು ಮೀಟುತ್ತಲೇ ಇತ್ತು. ತಂತಿ ಸದ್ದಿಲ್ಲದೆ, ಕಣ್ಣಿಗೆ ಕಾಣುವಷ್ಟು ಅಗಲಕ್ಕೆ ತೂಗುತ್ತಿತ್ತು.