ಕಡೆಯ ಹಾಳೆಯ ಅಭಿಪ್ರಾಯ

“‘ಈ ನಾಯಕ ಇನ್ನೂರು ಪುಟದಲ್ಲಿ ಏಳು ಸಲ ಕ್ಷಮೆ ಕೇಳುತ್ತಾನೆ, ಒಂದು ಸಲವೂ ಉಂಡ ತಟ್ಟೆ ಎತ್ತುವುದಿಲ್ಲ,’” ಎಂದು ಗಿರಿಜಾಬಾಯಿ ಗಟ್ಟಿಯಾಗಿ ಓದಿದರು. ರವಿಕೆಯ ಅಳತೆ ಕೊಡಲು ಬಂದವರು, ತಮ್ಮ ಸರದಿ ಬರುವ ತನಕ ಭಾನುವಾರದ ಪುರವಣಿ ಹಿಡಿದು ಕುಳಿತಿದ್ದರು.

ಮುಂದಿನ ವಾಕ್ಯ ಅವರು ಓದುವ ಮೊದಲೇ ಹೊಲಿಗೆ ಯಂತ್ರದ ಹಿಂದಿನಿಂದ ಬಂತು. “ಮದುವೆಯ ಮರುದಿನದ ಕಥೆಯನ್ನು ಯಾರು ಬರೆಯುತ್ತಾರೆ?”

ಗಿರಿಜಾಬಾಯಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. “ಅಯ್ಯ, ಹಂಗ ಐತಿ ನೋಡು ಇಲ್ಲೆ! ನೀ ಆಗಲೇ ಓದೀಯೇನು?”

“ಓದಿಲ್ರಿ ಬಾಯಾರ,” ಎಂದಳು ನಸೀರಾ. ಅವಳ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತ್ತು. “ಬರದೀನಿ.”

ಹೇಳಿಕೇಳಿ ನಸೀರಾ ದರ್ಜಿ. ದಾಂಡೇಲಿಯ ಅರ್ಧ ಹೆಂಗಸರ ತೋಳು, ಬೆನ್ನು, ಸೊಂಟದ ಅಳತೆ ಅವಳಿಗೆ ಬಾಯಿಪಾಠವಾಗಿತ್ತು. ಆದರೆ ಅವಳ ಮನಸ್ಸು ಇದ್ದದ್ದು ಬಸ್ ನಿಲ್ದಾಣದ ಹಿಂದೆ, ನಾಗಲಿಂಗಪ್ಪನ ಸ್ಟೇಷನರಿ ಅಂಗಡಿಯ ಒಳಕೋಣೆಯಲ್ಲಿ. ಅಲ್ಲಿ ಬಾಡಿಗೆಗೆ ಕಾದಂಬರಿ ಕೊಡುವ ಒಂದು ಲೈಬ್ರರಿ ಇತ್ತು. ಅಲ್ಲಿನ ಓದುಗರದ್ದೊಂದು ಹಳೆಯ ರೂಢಿ. ಪುಸ್ತಕ ಓದಿ ಮುಗಿಸಿದವರು ಕಡೆಯ ಖಾಲಿ ಹಾಳೆಯ ಮೇಲೆ ಅಭಿಪ್ರಾಯ ಬರೆಯಬೇಕು. ಹೊಸದಾಗಿ ಒಯ್ಯುವವರು ಮೊದಲು ಆ ಹಾಳೆಯನ್ನೇ ತೆರೆದು ನೋಡುತ್ತಿದ್ದರು. “ಸೂಪರ್” ಎಂದು ಒಬ್ಬರು ಬರೆದರೆ “ಅಳು ಬಂತು” ಎಂದು ಇನ್ನೊಬ್ಬರು ಬರೆಯುತ್ತಿದ್ದರು. ಏನೂ ತೋಚದವರು ಒಂದು ಹೃದಯ ಬರೆದು ಬಾಣ ಚುಚ್ಚುತ್ತಿದ್ದರು. ನಸೀರಾ ಮಾತ್ರ ಇಡೀ ಹಾಳೆ ತುಂಬಿಸುತ್ತಿದ್ದಳು, ಅದೂ ಇಪ್ಪತ್ತು ವರ್ಷದಿಂದ.

ಅವಳಿಗೆ ಬೇಕಾದದ್ದು ಎರಡೇ ಬಗೆಯ ಪುಸ್ತಕ: ಹಗುರ ಪ್ರೇಮದ್ದು ಮತ್ತು ರಕ್ತ ಚೆಲ್ಲದ ಪತ್ತೇದಾರಿ. ಹಾಗಂತ ಅವುಗಳ ಮೇಲೆ ಕರುಣೆ ತೋರುವವಳಲ್ಲ. “ಮಳೆಯಲ್ಲಿ ನೆನೆದವರಿಗೆಲ್ಲ ಪ್ರೀತಿ ಹುಟ್ಟುವುದಾದರೆ ನಮ್ಮೂರಲ್ಲಿ ಒಬ್ಬ ಬ್ರಹ್ಮಚಾರಿಯೂ ಉಳಿಯುತ್ತಿರಲಿಲ್ಲ” ಎಂದು ಒಂದು ಪ್ರೇಮ ಕಾದಂಬರಿಗೆ ಬರೆದಿದ್ದಳು. ಒಂದು ಪತ್ತೇದಾರಿಗೆ, “ಕೊಲೆಯಾದ ಮನೆಯಲ್ಲಿ ಎಲ್ಲರೂ ಚಹಾ ಕುಡಿಯುತ್ತಾರೆ, ಸತ್ತವನಿಗಾಗಿ ಒಬ್ಬರೂ ಅಳುವುದಿಲ್ಲ. ಇಲ್ಲಿ ನಿಜವಾದ ಕೊಲೆಗಾರ ಲೇಖಕನೇ.” ಮೆಚ್ಚಿದರೆ ಅಷ್ಟೇ ಮನಸ್ಸಿಟ್ಟು ಮೆಚ್ಚುತ್ತಿದ್ದಳು. ಯಾರೂ ಲೆಕ್ಕಕ್ಕೆ ಹಿಡಿಯದ ಒಬ್ಬಳು ಎಲ್ಲವನ್ನೂ ನೋಡಿರುತ್ತಾಳಲ್ಲ, ಅಂಥ ಕಥೆ ಸಿಕ್ಕಿದ ದಿನ ಅವಳಿಗೆ ಹಬ್ಬ. ಹೆಸರು ಬರೆಯುವ ಗೋಜಿಗೆ ಹೋಗಿರಲಿಲ್ಲ. ಆ ಅಕ್ಷರ ಯಾರದೆಂದು ಲೈಬ್ರರಿಗೆ ಬರುವ ಹೆಂಗಸರಿಗೆಲ್ಲ ಗೊತ್ತಿತ್ತು.

ಪುರವಣಿಯ ಅಂಕಣದ ಮೇಲೆ ಮಾತ್ರ ಬೇರೆ ಹೆಸರಿತ್ತು. ಹಳಿಯಾಳದ ಕಾಲೇಜೊಂದರ ಉಪನ್ಯಾಸಕ ರುದ್ರೇಶ, ಪಕ್ಕದಲ್ಲಿ ಗಲ್ಲಕ್ಕೆ ಕೈ ಕೊಟ್ಟ ಅವನ ಫೋಟೋ. ಗಿರಿಜಾಬಾಯಿ ಅಡುಗೆ ಮನೆಯ ಶೆಲ್ಫಿಗೆ ಹಾಸಿದ್ದ ಹಳೆಯ ಪುರವಣಿಗಳನ್ನೂ ನಸೀರಾ ಕೇಳಿ ತರಿಸಿಕೊಂಡಳು. ಹನ್ನೊಂದು ಅಂಕಣಗಳಿದ್ದವು. ಎಣ್ಣೆ ಕಲೆಯ ನಡುವೆ ಎದ್ದು ಕಂಡ ಒಂದೊಂದು ವಾಕ್ಯವೂ ಅವಳದೇ. ಆ ದಿನ ಅವಳು ಯಾರ ಬಟ್ಟೆಯನ್ನೂ ಮುಟ್ಟಲಿಲ್ಲ.

ನಾಗಲಿಂಗಪ್ಪನನ್ನು ಕೇಳಿದರೆ ಅವನಿಗೆ ಹೆಮ್ಮೆಯೋ ಹೆಮ್ಮೆ. “ಶನಿವಾರಕ್ಕೊಮ್ಮೆ ಸರ್ ಬರ್ತಾರವಾ. ಪುಸ್ತಕ ಒಯ್ಯಂಗಿಲ್ಲ. ಕಡೀ ಹಾಳಿ ಫೋಟೋ ಹೊಡ್ಕೊಂಡ ಹೋಗ್ತಾರ.”

“ಒಂದರ ಪುಸ್ತಕ ಓದ್ಯಾರೇನ್ರಿ?”

“ಇಂಥಾವನ್ನ ಅವರ‍್ಯಾಕ ಓದ್ತಾರ? ಶ್ಯಾಣ್ಯಾ ಮನಷ್ಯಾ.”

ಶನಿವಾರ ನಸೀರಾ ಅಂಗಡಿಯಲ್ಲೇ ಕಾದು ನಿಂತಳು. ರುದ್ರೇಶ ಬಂದ, ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡ, ನಕ್ಕ.

“ಹೆಸರು ಬರದೀರೇನು? ಇಲ್ಲ. ಲೈಬ್ರರಿ ಪುಸ್ತಕದ ಮ್ಯಾಲೆ ಗೀಚೂದ ತಪ್ಪು, ಗೊತ್ತೈತಿಲ್ಲೋ? ನಾ ಏನರ ಅಂದೇನೇನು?” ಮೊಬೈಲನ್ನು ಜೇಬಿಗಿಳಿಸಿದ. “ನೀವು ದರ್ಜಿ ಅದೀರಿ, ಹೇಳಿದ್ರ ತಿಳೀತೈತಿ. ನಿಮ್ಮವು ಚಿಂದಿ ಇದ್ದವು. ಹೊಲದು ಅಂಗಿ ಮಾಡಿದಾವ ನಾನು. ಮುಂದಿನ ತಿಂಗಳ ಎಲ್ಲಾ ಸೇರಿಸಿ ಪುಸ್ತಕ ತರಾಕತ್ತೀನಿ. ಹಳಿಯಾಳದಾಗ ಬಿಡುಗಡೆ ಐತಿ, ಬರ್ರಿ, ಚಪ್ಪಾಳಿ ಹೊಡೀರಿ.”

ರುದ್ರೇಶ ನಾಗಲಿಂಗಪ್ಪನ ಕಡೆ ತಿರುಗಿದ. “ಆ ಮಾಗ್ದಲೀನಾ ಟೀಚರದು ಹೊಸಾ ಕಾದಂಬರಿ ಬಂದೈತೇನು? ಅವತ್ತ ಅವರಿಗೆ ಸನ್ಮಾನ ಇಟ್ಟೇವಿ. ಅದರ ಮ್ಯಾಲೆ ನಾ ಮಾತಾಡಬೇಕು.”

ನಾಗಲಿಂಗಪ್ಪ ಕಾದಂಬರಿಯನ್ನು ಕೊಟ್ಟ. ರುದ್ರೇಶ ಹಿಂದಿನಿಂದ ತೆರೆದ. ಹಾಳೆ ಖಾಲಿ ಇತ್ತು. “ಇನ್ನೂ ಯಾರೂ ಓದಿಲ್ಲೇನು? ಮುಂದಿನ ವಾರ ನೋಡೂಣು,” ಎಂದು ಪುಸ್ತಕವನ್ನು ಅಲ್ಲೇ ಇಟ್ಟು ನಡೆದ. ನಸೀರಾ ಅದನ್ನು ಎತ್ತಿಕೊಂಡು ಸೆರಗಿನಡಿ ಹಿಡಿದು ಮನೆಗೆ ಬಂದಳು.

ಮಾಗ್ದಲೀನಾ ಟೀಚರ್ ಕಾಡಂಚಿನಲ್ಲಿ ಬಾಳುವ ಸಿದ್ದಿ ಸಮುದಾಯದವರು, ಹಳಿಯಾಳದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಕಲಿಸುವವರು. ಅವರ ಕಾದಂಬರಿ ಗಣೇಶಗುಡಿಯ ಒಂದು ಹೋಮ್‌ಸ್ಟೇಯಲ್ಲಿ ನಡೆಯುತ್ತದೆ. ಯಜಮಾನ ಸಾಯುತ್ತಾನೆ. ಪೊಲೀಸರು ಅತಿಥಿಗಳನ್ನೆಲ್ಲ ಅನುಮಾನಿಸುತ್ತಾರೆ. ಆದರೆ ಅಡುಗೆಯ ಸಿದ್ದಿ ಹೆಂಗಸು ರೋಜಾಬಾಯಿಗೆ ಮಾತ್ರ ಒಂದು ವಿಷಯ ಗೊತ್ತು. ಅವತ್ತು ಊಟಕ್ಕೆ ಕುಳಿತವರು ಹನ್ನೆರಡು ಜನ, ತೊಳೆಯಲು ಬಿದ್ದ ತಟ್ಟೆಗಳು ಹದಿಮೂರು. ಆ ಒಂದು ತಟ್ಟೆಯ ಬೆನ್ನು ಹತ್ತಿ ಅವಳು ಕೊಲೆ ಮಾಡಿದ ಮ್ಯಾನೇಜರನನ್ನು ಹಿಡಿಯುತ್ತಾಳೆ. ನಸೀರಾ ಎರಡು ಸಲ ಓದಿದಳು. ಎರಡನೆಯ ಸಲವೂ ರೋಜಾಬಾಯಿ ಆ ತಟ್ಟೆಯನ್ನು ಎತ್ತಿ ಹಿಡಿದಾಗ ಅವಳು ಪುಟ ತಿರುಗಿಸದೆ ಆ ಸಾಲುಗಳನ್ನೇ ಮತ್ತೆ ಓದಿದಳು. ಇಷ್ಟು ಚಂದದ ಪುಸ್ತಕಕ್ಕೆ ಬರೆಯಬೇಕಾದದ್ದು ಬೇರೆಯೇ ಇತ್ತು. ಅದರ ಮೊದಲ ಸಾಲು ಅವಳ ತುದಿನಾಲಗೆಯ ಮೇಲಿತ್ತು.

ಅದನ್ನು ನುಂಗಿಕೊಂಡು, ಎಂದಿನ ದುಂಡನೆಯ ಅಕ್ಷರದಲ್ಲಿ ಹೀಗೆ ಬರೆದಳು: “ಕೊನೆಯಲ್ಲಿ ಕೊಲೆ ಮಾಡಿದವಳು ಅಡುಗೆಯ ರೋಜಾಬಾಯಿಯೇ ಎಂದು ತಿಳಿದಾಗ ಮೈ ಜುಮ್ಮೆಂದಿತು. ಅಷ್ಟು ವರ್ಷ ಅನ್ನ ಬಡಿಸಿದ ಕೈ ಒಂದು ದಿನ ವಿಷ ಬಡಿಸಿತು. ಇಂಥ ಅಂತ್ಯ ಬರೆಯಲು ಗುಂಡಿಗೆ ಬೇಕು.”

ಸುಳ್ಳಾದರೂ ವಾಕ್ಯ ಚೆನ್ನಾಗಿ ಬಂದಿತ್ತು. ಮಾಗ್ದಲೀನಾ ಟೀಚರ್ ನೆನಪು ಒಮ್ಮೆ ಚುಚ್ಚಿತು. ಸಭೆಯಲ್ಲಿ ಅವರೇ ಎದ್ದು ಅಲ್ಲ ಅನ್ನುತ್ತಾರೆ, ಅವನ ಮುಖಕ್ಕೆ ಮಸಿ ಬಳಿದಂತಾಗುತ್ತದೆ, ಅಲ್ಲಿಗೆ ಮುಗಿಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಪುಸ್ತಕವನ್ನು ಲೈಬ್ರರಿಗೆ ಮರಳಿಸಿದಳು. ಮುಂದಿನ ಶನಿವಾರ ರುದ್ರೇಶ ಬಂದು ಫೋಟೋ ಹೊಡೆದುಕೊಂಡು ಹೋದನೆಂದು ನಾಗಲಿಂಗಪ್ಪ ಹೇಳಿದಾಗ ಅವಳಿಗಾದ ಖುಷಿ ಅಷ್ಟಿಷ್ಟಲ್ಲ. ಆ ವಾರ ಹೊಲಿದ ರವಿಕೆಗಳೆಲ್ಲ ಹೇಳಿದ ದಿನಕ್ಕೇ ತಯಾರಾದವು.

ಹಳಿಯಾಳದ ಸಭೆ ಹನ್ನೊಂದಕ್ಕೆಂದು ಹೇಳಿ ಹನ್ನೆರಡಕ್ಕೆ ಶುರುವಾಯಿತು. ಅರವತ್ತು ಕುರ್ಚಿ ತುಂಬಿದ್ದವು, ಹೆಚ್ಚಿನವರು ಕಾಲೇಜಿನ ಹುಡುಗರು. ವೇದಿಕೆಯ ಮೇಲೆ ರಿಬ್ಬನ್ ಕಟ್ಟಿದ ರುದ್ರೇಶನ ಪುಸ್ತಕಗಳ ಕಟ್ಟು, ಪಕ್ಕದಲ್ಲಿ ನೀಲಿ ಸೀರೆಯ ಮಾಗ್ದಲೀನಾ ಟೀಚರ್, ಅವರ ಮುಂದೆ ಸನ್ಮಾನದ ಹಣ್ಣಿನ ಬುಟ್ಟಿ. ಮೊದಲ ಸಾಲಿನಲ್ಲಿ ಶಿಲುಬೆಯ ಸರ ಹಾಕಿಕೊಂಡ ಒಬ್ಬ ಮುದುಕಿ ಮಡಿಕೆ ಬಿಚ್ಚದಂತಿದ್ದ ಹೊಸ ಸೀರೆಯಲ್ಲಿ ನೆಟ್ಟಗೆ ಕುಳಿತಿದ್ದಳು. ನಸೀರಾ ನಾಲ್ಕನೆಯ ಸಾಲಿನಲ್ಲಿದ್ದಳು.

ರುದ್ರೇಶ ಮೈಕಿನ ಮುಂದೆ ನಿಂತು ಅವಳ ವಾಕ್ಯಗಳನ್ನು ಒಂದಕ್ಷರ ಬಿಡದೆ ಹೇಳಿದ. ವಿಷ ಬಡಿಸಿದ ಕೈಯ ಮಾತು ಬಂದಾಗ ತನ್ನ ಕೈಯನ್ನೂ ಎತ್ತಿದ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅವನಿಗೆ ಅಂಗಿ ಹೊಲಿಯುವ ಚಟವಲ್ಲವೇ, ತನ್ನದೂ ಒಂದು ತುಂಡು ಸೇರಿಸಿದ. “ಇದು ಬರೀ ಅಡುಗೆಯವಳೊಬ್ಬಳು ಮಾಡಿದ ಕೊಲೆಯಲ್ಲ, ಸ್ನೇಹಿತರೇ. ಕಾಡಿನ ಜನರ ರಕ್ತದಲ್ಲೇ ಇರುವ ರೋಷ. ಅದನ್ನು ಲೇಖಕಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ.”

ಸಭೆ ಚಪ್ಪಾಳೆ ತಟ್ಟಿತು. ನಸೀರಾ ಸುತ್ತ ನೋಡಿದಳು. ಅಲ್ಲಿ ಯಾರೊಬ್ಬರೂ ಆ ಪುಸ್ತಕ ಓದಿರಲಿಲ್ಲ! ವೇದಿಕೆಯಲ್ಲಿ ಮಾಗ್ದಲೀನಾ ಟೀಚರ್ ಎದ್ದು ಅಲ್ಲ ಅನ್ನಲೂ ಇಲ್ಲ, ಅಲುಗಾಡಲೂ ಇಲ್ಲ. ಮೊದಲ ಸಾಲನ್ನೇ ನೋಡುತ್ತ ಕುಳಿತುಬಿಟ್ಟಿದ್ದರು. ಚಪ್ಪಾಳೆ ಇನ್ನಷ್ಟು ಜೋರಾಯಿತು. ಹೀಗೇ ಬಿಟ್ಟರೆ ಅವನು ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಾನೆ ಅನ್ನಿಸಿದ್ದೇ ತಡ, ನಸೀರಾ ಎದ್ದು ನಿಂತಳು.

“ಸರ್, ರೋಜಾಬಾಯಿ ವಿಷಾ ಎಲ್ಲೆ ಹಾಕಿದ್ಲ್ರಿ? ಯಾವ ಅಧ್ಯಾಯದಾಗ?”

ರುದ್ರೇಶನಿಗೆ ಅವಳ ಗುರುತು ಸಿಕ್ಕಿತು. “ಪ್ರಶ್ನೆಗಳು ಕೊನೆಯಲ್ಲಿ.”

“ಪುಸ್ತಕ ನಿಮ್ಮ ಮುಂದ ಐತ್ರಿ. ತೆರದು ತೋರಸ್ರಿ, ಸಾಕು.”

ಅವನ ಮುಂದಿದ್ದ ಪ್ರತಿ ಇನ್ನೂ ಪ್ಲಾಸ್ಟಿಕ್ ಹೊದಿಕೆಯೊಳಗೇ ಇತ್ತು. ಉಗುರಿನಿಂದ ಕೆರೆದ, ಹರಿಯಲಿಲ್ಲ. ಹಲ್ಲಿಗೆ ಒಯ್ದವನು ಸಭೆಯ ನೆನಪಾಗಿ ಕೆಳಗಿಳಿಸಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ಮೇಡಂ, ನೀವೇ ಹೇಳಿ,” ಎಂದು ಮೈಕನ್ನು ಮಾಗ್ದಲೀನಾ ಟೀಚರ್ ಕಡೆಗೆ ತಿರುಗಿಸಿದ.

“ರೋಜಾಬಾಯಿ ಕೊಲೆ ಮಾಡಿಲ್ಲ,” ಎಂದರು ಟೀಚರ್, ಮೊದಲ ಸಾಲಿನಿಂದ ಕಣ್ಣು ತೆಗೆಯದೆ. “ಮ್ಯಾನೇಜರ ಮಾಡ್ಯಾನ. ಹಿಡದಾಕಿ ರೋಜಾಬಾಯಿ.”

“ಆದರೆ ಕಡೆಯ ಹಾಳೆಯಲ್ಲಿ ಹಾಗೇ ಬರೆದಿತ್ತು...” ಎಂದುಬಿಟ್ಟ ರುದ್ರೇಶ, ಮೈಕಿನಲ್ಲೇ.

“ಬರದಾಕಿ ನಾನ ರೀ, ದಾಂಡೇಲಿ ದರ್ಜಿ,” ಎಂದಳು ನಸೀರಾ. ಮೈಕಿನ ಹಂಗಿಲ್ಲದೆಯೇ ಅವಳ ದನಿ ಮೂಲೆಮೂಲೆಗೂ ಮುಟ್ಟಿತು. “ಇದೊಂದ ಸುಳ್ಳು ಬರದೀನಿ. ಆ ರಿಬ್ಬನ್ ಕಟ್ಟಿದ ಪುಸ್ತಕದಾಗ ಇರೂವೂ ನಾನ ಬರದವು. ಅವು ಖರೇ ಅದಾವ. ದಾಂಡೇಲಿ ಲೈಬ್ರರಿಗೆ ಬರ್ರಿ, ಒಂದೊಂದ ಹಾಳಿ ತೆರದ ತೋರಸ್ತೇನಿ.”

ಸಭೆ ಹೋ ಎಂದು ನಕ್ಕಿತು. ಹುಡುಗರು ಮೊಬೈಲ್ ಎತ್ತಿ ರುದ್ರೇಶನ ಮುಖವನ್ನು ಹಿಡಿಯತೊಡಗಿದರು. ಆ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. ಸಂಘಟಕರು ಅವಸರವಸರವಾಗಿ ವಂದನಾರ್ಪಣೆಗೆ ಹೋದರು. ಪುಸ್ತಕದ ಕಟ್ಟನ್ನು ಯಾರೂ ಬಿಚ್ಚಲಿಲ್ಲ. ನಸೀರಾಳಿಗೆ ಇಷ್ಟು ಖುಷಿಯಾಗಿ ವರ್ಷಗಳೇ ಆಗಿದ್ದವು. ಬಸ್ ನಿಲ್ದಾಣದ ತನಕ ಅವಳು ನಡೆದಳೋ ಹಾರಿದಳೋ ಅವಳಿಗೇ ತಿಳಿಯದು.

ನಿಲ್ದಾಣದಲ್ಲಿ ಮಾಗ್ದಲೀನಾ ಟೀಚರ್ ಕಂಬಕ್ಕೊರಗಿ ನಿಂತಿದ್ದರು. ಸ್ವಲ್ಪ ದೂರದ ಬೆಂಚಿನ ಮೇಲೆ ಮೊದಲ ಸಾಲಿನ ಆ ಮುದುಕಿ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಯಿಂದಲೇ ನಸೀರಾ ಹತ್ತಿರ ಹೋದಳು.

“ಟೀಚರ, ನಿಮ್ಮ ಪುಸ್ತಕ ಎರಡ ಸಲ ಓದೀನ್ರಿ. ಭಾಳ ಚಲೋ ಐತಿ.”

“ಅಂವನ್ನ ಕೆಡವಾಕ ನಿನಗ ಅದ ಬೇಕಾತೇನು?”

ನಸೀರಾಳ ನಗು ಅಲ್ಲಿಗೇ ನಿಂತಿತು.

“ಅಲ್ಲೆ ಕುಂತಾಳಲ್ಲ, ನಮ್ಮವ್ವ. ನಲವತ್ತ ವರ್ಷ ಮಂದಿ ಮನಿ ಅಡಗಿ ಮಾಡ್ಯಾಳ. ರೋಜಾಬಾಯಿ ಅಂದ್ರ ಆಕೀನ,” ಎಂದರು ಟೀಚರ್. ದನಿ ಏರಲಿಲ್ಲ. “ಆಕಿಗೆ ಓದಾಕ ಬರಂಗಿಲ್ಲ, ನಿನ್ನ ಕಡೀ ಹಾಳಿ ಮಾತೂ ಆಕಿಗೆ ತಿಳದಿಲ್ಲ. ಕೊಲೆಗಾರನ್ನ ಹಿಡಿಯಾಕಿ ನೀನ ಅಂತ ನಾ ಹೇಳಿದ್ದೆ. ಅದನ್ನ ಮಂದಿ ಮುಂದ ಕೇಳಾಕಂತ ಹೊಸಾ ಸೀರಿ ಉಟ್ಕೊಂಡ ಬಂದ್ಲು. ಈಗ ನನ್ನ ಕೇಳಾಕತ್ಯಾಳ, ‘ಆಕೀನ ಕೊಂದ್ಲು ಅಂದಾಗ ಅಷ್ಟ ಮಂದಿ ಚಪ್ಪಾಳಿ ಯಾಕ ಹೊಡದ್ರು?’ ಅಂತ. ಏನ್ ಹೇಳಲಿ?”

“ತಪ್ಪಾತ್ರಿ, ಟೀಚರ.”

“ತಪ್ಪ ಆಗೂದು ಬ್ಯಾರೆ. ನೀ ತಿಳದ ಮಾಡೀದಿ.” ಅವರು ಚೀಲದಿಂದ ಸಭೆಯ ಆಮಂತ್ರಣ ಪತ್ರಿಕೆಯನ್ನೂ ಪೆನ್ನನ್ನೂ ತೆಗೆದರು. “ನಾನೂ ತಿಳದ ಮಾಡ್ತೇನಿ. ಮುಂದಿನ ಕಾದಂಬರಿ ಶುರು ಮಾಡೀನಿ. ಸಾಯಾವ್ರು ಯಾರು ಅಂತ ಹೊಳೀಲಾರದ ಕುಂತಿದ್ದೆ. ಈಗ ಹೊಳೀತು. ದಾಂಡೇಲ್ಯಾಗ ಒಬ್ಬಾಕಿ ದರ್ಜಿ. ಎರಡನೇ ಅಧ್ಯಾಯದಾಗ ಸಾಯ್ತಾಳ. ನಿನ್ನ ಹೆಸರೇನು?”

“ನಸೀರಾ.” ನೆಲ ನೋಡುತ್ತ ಮೆಲ್ಲಗೆ ಅಂದಳು.

“ಗಟ್ಟಿ ಹೇಳು.”

“ನಸೀರಾ ರೀ.”

“ಹೆಸರ ಬದಲ ಮಾಡಂಗಿಲ್ಲ,” ಎಂದು ಟೀಚರ್ ಬರೆದುಕೊಂಡರು.

ಅವರ ಊರಿನ ಬಸ್ಸು ಬಂತು. ತಾಯಿಯ ರಟ್ಟೆ ಹಿಡಿದು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ತಾವೂ ಕುಳಿತರು. ನಸೀರಾ ಆ ಕಿಟಕಿಯ ಕೆಳಗೇ ನಿಂತಿದ್ದಳು. ಕಿಟಕಿಯಿಂದ ಮುದುಕಿ ಅವಳನ್ನು ದಿಟ್ಟಿಸಿ ನೋಡಿ, ಗುರುತು ಹಿಡಿದು, ಮುಖ ಅರಳಿಸಿದಳು.

“ಅಷ್ಟ ಮಂದ್ಯಾಗ ನನ್ನ ಸಲುವಾಗಿ ಎದ್ದ ನಿಂತಾಕಿ ನೀನ ಅಲ್ಲಾ, ಮಗಳ?”

ಉತ್ತರಕ್ಕೆ ಕಾಯಲಿಲ್ಲ. ಬುಟ್ಟಿಯಲ್ಲಿ ಕೈಯಾಡಿಸಿ, ಇದ್ದುದರಲ್ಲಿ ದೊಡ್ಡದಾದ ಒಂದು ಸೇಬು ಆರಿಸಿ, ಕಿಟಕಿಯ ಸರಳಿನ ನಡುವೆ ತೂರಿಸಿ ನಸೀರಾಳ ಕೈಗಿಟ್ಟಳು. ಬಸ್ಸು ಹೊರಟಿತು. ಪಕ್ಕದ ಸೀಟಿನಲ್ಲಿ ಮಾಗ್ದಲೀನಾ ಟೀಚರ್ ತಲೆ ಎತ್ತದೆ ಆಮಂತ್ರಣ ಪತ್ರಿಕೆಯ ಹಿಂದೆ ಬರೆಯುತ್ತಲೇ ಇದ್ದರು.