ಎಚ್ಚರದ ಗೊರಕೆ

ಅವಳು ಸೊಸೆಯಾಗಿ ಬಂದ ಮನೆಯಲ್ಲಿ ಗೊರಕೆಯೆಂದರೆ ಪಿತ್ರಾರ್ಜಿತ ಆಸ್ತಿಯಿದ್ದ ಹಾಗೆ. ಲಾರಿ ಓಡಿಸುವ ಮಾವ ಮಲಗಿದರೆ ಕಿಟಕಿಯ ಗಾಜು ನಡುಗುತ್ತಿತ್ತು. ಗಂಡ ಅಪ್ಪನಿಗೆ ತಕ್ಕ ಮಗ. ಹೀಗಾಗಿ ಅವಳು ಹೆತ್ತ ಕೂಸು ತೊಟ್ಟಿಲಲ್ಲಿ ಗೊರಗೊರ ಅಂದಾಗ ಮನೆಮಂದಿ ಹಿರಿಹಿರಿ ಹಿಗ್ಗಿದರು. ಮಾವ ಮೊಮ್ಮಗಳನ್ನು 'ಇಂಜಿನ್ನು' ಎಂದು ಕರೆದು, ಬಂದ ನೆಂಟರಿಗೆಲ್ಲ ಆ ಸದ್ದು ಕೇಳಿಸುತ್ತಿದ್ದರು.

ಹಿಗ್ಗದವಳು ಅವಳೊಬ್ಬಳೇ. ಕೂಸು ಎರಡು ಗುಟುಕು ಹಾಲು ಕುಡಿಯುವಷ್ಟರಲ್ಲಿ ಮೊಲೆ ಬಿಟ್ಟು, ಕೆಂಪಗಾಗಿ, ಉಸಿರಿಗೆ ಬಾಯಿ ತೆರೆಯುತ್ತಿತ್ತು. ಹೊಟ್ಟೆ ತುಂಬುವ ಮೊದಲೇ ಸುಸ್ತಾಗುತ್ತಿತ್ತು.

"ಅತ್ತೆ, ಗೊರಕೆ ನಿದ್ದೇಲಿ ತಾನೆ ಬರೋದು? ಇವಳು ಕಣ್ಣು ಬಿಟ್ಕೊಂಡೇ ಹೊಡೀತಾಳಲ್ಲ."

"ನಿನ್ನ ಮಾವ ಊಟ ಮಾಡ್ತಾನೇ ಹೊಡೀತಾರೆ. ಸುಮ್ನಿರು."

"ಅವರಿಗೆ ಅನ್ನ ಒಳಗೆ ಹೋಗುತ್ತೆ. ಇವಳಿಗೆ ಹಾಲು ಹೋಗ್ತಿಲ್ಲ."

ಅತ್ತೆ ಮಡಿಸುತ್ತಿದ್ದ ಬಟ್ಟೆ ಬಿಟ್ಟು ಕೂಸನ್ನು ಎತ್ತಿ ಕೈಯಲ್ಲೇ ತೂಗಿ ನೋಡಿದರು. ಹಾಗೇ ಚಪ್ಪಲಿ ಮೆಟ್ಟಿದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೂಸಿನ ಮೂಗಿನೊಳಗೆ ಕ್ಯಾಮೆರಾ ಇರುವ ಸಪೂರ ಕೊಳವೆ ತೂರಿಸಿ ಟೀವಿ ಪರದೆ ತೋರಿಸಿದರು. ಮೂಗಿನ ಹಿಂಬದಿಯಲ್ಲಿ, ಗಂಟಲು ಶುರುವಾಗುವಲ್ಲಿ, ದ್ರಾಕ್ಷಿಯಂಥ ಗಂಟೊಂದು ತೊಟ್ಟಿನಿಂದ ಜೋತುಬಿದ್ದಿತ್ತು.

"ಹುಟ್ಟುತ್ತಲೇ ಬಂದಿರೋ ಗಂಟು. ಕ್ಯಾನ್ಸರ್ ಗಿನ್ಸರ್ ಅಲ್ಲ. ಉಸಿರಿಗೆ ಅಡ್ಡ ನಿಂತಿದೆ, ತೆಗೆದುಬಿಡೋಣ. ನೋಡಿ, ಇಂಥ ಗಂಟಿಗೆ ಚರ್ಮ ಇರುತ್ತೆ, ಮೇಲೆ ಸಣ್ಣ ಕೂದಲೂ ಇದೆ."

ಅತ್ತೆ ಕೂಸಿನ ಬೋಳುತಲೆ ಸವರಿದರು. "ತಲೆ ಮೇಲೆ ಬರಬೇಕಾದದ್ದು ದಾರಿ ತಪ್ಪಿದೆ ಅನ್ನಿ." ನಗಲು ಹೋದವರು ಸೊಸೆಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಆಪರೇಷನ್ ನಡೆಯುವಾಗ ಮಾವ ಹೊರಗಿನ ಬೆಂಚಿನಲ್ಲಿ ಅಂಗಿಯ ಗುಂಡಿ ತಿರುವುತ್ತ ಕೂತಿದ್ದರು. "ಊರಿಗೆಲ್ಲ ಕೇಳಿಸಿದೆನಲ್ಲಮ್ಮ, ಮಗು ಒದ್ದಾಡೋದನ್ನ."

"ಅವಳು ಹೊಟ್ಟೆತುಂಬ ಕುಡೀಲಿ ಮಾವ. ಆಮೇಲೆ ನಿಧಾನಕ್ಕೆ ಬೈತೀನಿ."

ಬಾಯಿಯ ಮೂಲಕವೇ ಗಂಟು ತೆಗೆದಾಯಿತು. ಹಾಲು ಕೊಡಬಹುದು ಎಂದು ಡಾಕ್ಟರಮ್ಮ ಹೇಳಿದಾಗ ನರ್ಸು ಪರದೆ ಎಳೆದು ಎಲ್ಲರನ್ನೂ ಆಚೆ ಕಳಿಸಿದಳು. ಕೂಸು ಮೊಲೆಗೆ ಬಾಯಿ ಹಾಕಿತು. ಒಂದು ಗುಟುಕು, ಎರಡು ಗುಟುಕು. ಅವಳು ಮೂರನೆಯದಕ್ಕೆ ಕಾದಳು. ಕೂಸು ಬಿಡಲಿಲ್ಲ. ಪುಟ್ಟ ಮೂಗಿನಿಂದ ಬೆಚ್ಚನೆಯ ಗಾಳಿ ಅವಳ ಮೈಗೆ ತಾಕುತ್ತಿತ್ತು, ಸದ್ದಿಲ್ಲದೆ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

ಪರದೆಯಾಚೆಯಿಂದ ಮಾವ ಕೆಮ್ಮಿದರು. "ಸದ್ದೇ ಇಲ್ವಲ್ಲಮ್ಮ. ಏನಾಯ್ತು?"

"ಕುಡೀತಿದಾಳೆ."

"ಇನ್ನೂನಾ?"

"ಒಂದು ಕಡೆ ಖಾಲಿ ಮಾಡಿದಾಳೆ ಮಾವ. ಇನ್ನೊಂದಕ್ಕೆ ಜಗಳ ತೆಗೆದಿದಾಳೆ."