ಮುನಿಯಮ್ಮ ಮರೆತ ಜಗಳ

ಮಾಗಡಿ ಹತ್ತಿರದ ಕಲ್ಯದ ಮುನಿಯಮ್ಮನ ಜ್ಞಾಪಕಶಕ್ತಿಗೆ ಊರಿನವರು ಹೆದರುತ್ತಿದ್ದರು. ಯಾರ ಮದುವೆಯಲ್ಲಿ ಯಾರ ಎಲೆಗೆ ಎರಡನೇ ಸಲ ಪಾಯಸ ಬರಲಿಲ್ಲ, ಯಾರು ಗೃಹಪ್ರವೇಶಕ್ಕೆ ಬಂದು ತಮಗೆ ಯಾರೋ ಕೊಟ್ಟಿದ್ದ ಹಳೆಯ ರವಿಕೆ ಕಣವನ್ನೇ ಮಡಿಸಿಕೊಟ್ಟು ಹೋದರು, ಎಲ್ಲವೂ ಅವಳ ತಲೆಯಲ್ಲಿತ್ತು. ಗಂಡ ಬೈರಪ್ಪ ತನ್ನ ಆಧಾರ್ ನಂಬರನ್ನೂ ಅವಳನ್ನೇ ಕೇಳುತ್ತಿದ್ದ.

ಕೊರೊನಾದ ಮೂರನೇ ಅಲೆ ಅವರ ಮನೆಗೆ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಗ ನಟರಾಜು ವಾರದ ರಜೆಗೆ ಬರುವಾಗ ಕೆಮ್ಮನ್ನೂ ಜೊತೆಗೆ ತಂದ. ಬೈರಪ್ಪ ಒಂದು ವಾರ ಕಂಬಳಿ ಹೊದ್ದು ನರಳಿದ. ಮುನಿಯಮ್ಮನಿಗೆ ಮಾತ್ರ ಒಸಿ ಮೈ ಬಿಸಿ, ಒಸಿ ಗಂಟಲು ಕೆರೆತ. ಮೆಣಸಿನ ಕಷಾಯ ಕುಡಿದು ಎಮ್ಮೆ ಹಾಲು ಕರೆಯಲು ಹೋದಳು. "ಇದ್ಕೆ ಇಷ್ಟು ದೊಡ್ಡ ಹೆಸ್ರು ಇಟ್ಟವ್ರಾ?" ಎಂದಳು.

ಜ್ವರ ಹೋದ ಮೇಲೆ ಶುರುವಾಯಿತು. ಮುದ್ದೆಗೆ ಎಸರಿಟ್ಟು ಹಿಟ್ಟು ಹಾಕದೆ ಕೋಲಿನಿಂದ ಬರೀ ನೀರನ್ನು ತಿರುವುತ್ತಾ ನಿಂತಳು. ಸೊಸೆ ರಮ್ಯಾಳನ್ನು "ಹೋ, ಸರ್ಕಂಡ್ ನಿಂತ್ಕೊ" ಎಂದು ಗದರಿದಳು. ಎಮ್ಮೆಯನ್ನು "ರಮ್ಯಾ, ಊಟ ಆಯ್ತೇನವ್ವಾ" ಎಂದು ವಿಚಾರಿಸಿಕೊಂಡಳು. ರಮ್ಯಾಳಿಗೆ ಅದರಿಂದ ಬೇಸರವಾಗಲಿಲ್ಲ. ಎಮ್ಮೆ ಆ ಹೆಸರಿಗೆ ಓಗೊಡಲು ಶುರುಮಾಡಿದ್ದು ಬೇಸರ ತರಿಸಿತು. ಒಂದು ದಿನ ಮಾಗಡಿಗೆ ಎಲೆಅಡಿಕೆ ತರಲು ಹೋದ ಮುನಿಯಮ್ಮ ಬಸ್ಸಿಳಿದು, ಯಾಕೆ ಬಂದೆನೆಂದು ತಿಳಿಯದೆ ಬಸ್‌ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ನಿಂತಿದ್ದು, ಕೊನೆಗೆ ಬರಿಗೈಯಲ್ಲಿ ಮರಳಬಾರದೆಂದು ಒಂದು ಸೊಳ್ಳೆಪರದೆ ಕೊಂಡುಬಂದಳು.

ಬೈರಪ್ಪ ಮೊದಮೊದಲು ನಕ್ಕ. ಆದರೆ ಒಂದು ಮಧ್ಯಾಹ್ನ ಅವಳು ಒಲೆಯ ಮುಂದೆ ಸೌಟು ಹಿಡಿದುಕೊಂಡು ಅಳುತ್ತಿದ್ದುದನ್ನು ಕಂಡ.

"ಇದ್ಕೇನಂತಾರೆ ಹೇಳಿ," ಎಂದಳು. "ಹೆಸ್ರು ಬತ್ತಾ ಇಲ್ಲ. ಮದ್ವೆ ಆದಾಗಿಂದ ಇದನ್ನೇ ಹಿಡ್ಕಂಡಿವ್ನಿ."

"ಸೌಟು ಕಣಮ್ಮಿ."

"ಸೌಟು," ಎಂದು ಹೇಳಿಕೊಂಡು ಕಣ್ಣು ಒರೆಸಿಕೊಂಡಳು. ಆಮೇಲೆ ಅವನು ನಗಲಿಲ್ಲ.

ಮಾಗಡಿಯ ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡರು. "ಜ್ವರ ಕಮ್ಮಿ ಬಂದವರಿಗೂ ಹೀಗಾಗುತ್ತೆ. ತಲೆಗೆ ಮಂಜು ಕವಿದ ಹಾಗೆ. ಬಹಳ ಜನಕ್ಕೆ ನಿಧಾನವಾಗಿ ಹೋಗುತ್ತೆ. ಚೆನ್ನಾಗಿ ನಿದ್ದೆ ಮಾಡಿ, ಸುಸ್ತಾಗೋ ಹಂಗೆ ದುಡೀಬೇಡಿ. ಒಂದು ಸಲಕ್ಕೆ ಒಂದೇ ಕೆಲಸ ಮಾಡಿ."

"ಒಂದು ಸಲಕ್ಕೆ ಒಂದೇ ಕೆಲ್ಸ ಅಂದ್ರೆ," ಎಂದಳು ಮುನಿಯಮ್ಮ, "ಗಂಡಸ್ರ ಥರ ಇರ್ಬೇಕಾ?"

"ಹೌದು," ಎಂದರು ಡಾಕ್ಟರಮ್ಮ.

ಇದಾದ ಕೆಲವು ದಿನಗಳಿಗೆ, ಬೆಳಗ್ಗೆ ಅಂಗಳ ಗುಡಿಸುತ್ತಿದ್ದ ಮುನಿಯಮ್ಮ ಗೋಡೆಯ ಆಚೆಗೆ ನೋಡಿ, "ಅಕ್ಕಾ, ಕಾಪಿ ಆಯ್ತಾ?" ಎಂದು ಕೇಳಿದಳು.

ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದ ಬೈರಪ್ಪ ಪೇಸ್ಟನ್ನು ನುಂಗಿದ.

ಗೋಡೆಯ ಆಚೆಗಿದ್ದವಳು ಹೊಂಬಾಳಮ್ಮ, ಬೈರಪ್ಪನ ಅಣ್ಣ ಚಿಕ್ಕಹನುಮಯ್ಯನ ಹೆಂಡತಿ. ನಟರಾಜು ಹೈಸ್ಕೂಲಿಗೆ ಹೋಗುತ್ತಿದ್ದಾಗಿನಿಂದ ಈ ಇಬ್ಬರು ವಾರಗಿತ್ತಿಯರಿಗೆ ಮಾತಿರಲಿಲ್ಲ. ಆ ಗೋಡೆ ಎದ್ದದ್ದೂ ಆಗಲೇ. ಒಂದು ಹಬ್ಬದ ಊಟದಲ್ಲಿ ಹೊಂಬಾಳಮ್ಮ ಏನೋ ಅಂದಿದ್ದಳು. ಏನು ಅಂದಳೆಂಬುದನ್ನು ಮುನಿಯಮ್ಮ ಮತ್ತೆ ಬಾಯಿಗೆ ತರಲಿಲ್ಲ, ಉಳಿದವರು ಮರೆತೇಬಿಟ್ಟಿದ್ದರು. ಹೊಂಬಾಳಮ್ಮನಿಗೂ ನೆನಪಿರಲಿಲ್ಲ, ಮುನಿಯಮ್ಮ ಮಾತಾಡುವುದಿಲ್ಲವಲ್ಲ ಎಂದು ತಾನೂ ಮಾತಾಡುತ್ತಿರಲಿಲ್ಲ. ಅಣ್ಣತಮ್ಮಂದಿರು ಕಷ್ಟಸುಖ ಹೇಳಿಕೊಳ್ಳಬೇಕಾದರೆ ಬೇರೆ ಬೇರೆ ಬಸ್ಸು ಹತ್ತಿ ತಿಪ್ಪಸಂದ್ರದ ಟೀ ಅಂಗಡಿಗೆ ಹೋಗುತ್ತಿದ್ದರು.

ಹೊಂಬಾಳಮ್ಮ ತನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದಳು. ಒಂದು ಕೋಳಿ ಮಾತ್ರ ಇತ್ತು.

"ನನ್ನಾ ಕೇಳಿದ್ದು?"

"ಇನ್ಯಾರ್ನ ಕೇಳ್ಲಿ. ಇರು, ಬತ್ತೀನಿ," ಎಂದು ಮುನಿಯಮ್ಮ ಪೊರಕೆ ಒರಗಿಸಿ, ಗೋಡೆ ಸುತ್ತಿ ಆ ಮನೆಯೊಳಗೆ ಹೋಗಿ ಕೂತು ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದಳು.

ಬೈರಪ್ಪ ಮಗ, ಸೊಸೆಯನ್ನು ಕೊಟ್ಟಿಗೆಗೆ ಕರೆದ. "ಜಗಳ ಆಗಿರೋದು ಅವ್ಳಿಗೆ ಮರ್ತೋಗೈತೆ. ಯಾರೂ ಬಾಯಿ ಬುಡ್ಬ್ಯಾಡಿ."

ರಮ್ಯಾಳಿಗೆ ಸರಿಯೆನಿಸಲಿಲ್ಲ. "ಮಾವ, ಮರ್ತಿದ್ನ ಜ್ಞಾಪಿಸ್ಬೇಕು ಅಲ್ವಾ? ಇದೂ ಕಾಯ್ಲೆನೇ ತಾನೆ."

"ಬ್ಯಾರೆ ಎಲ್ಲಾ ಜ್ಞಾಪ್ಸವ್ವಾ. ಸೌಟು, ಜರಡಿ, ನನ್ ಹೆಸ್ರು, ಯಾವ್ದನ್ನಾದ್ರೂ. ಇದೊಂದ್ ಬುಟ್ಬುಡು."

ಹೊಂಬಾಳಮ್ಮನಿಗೆ ಇದರಲ್ಲೇನೋ ಮಸಲತ್ತು ಇದೆಯೆನಿಸಿತು. ಬೈರಪ್ಪನನ್ನು ಅಡ್ಡಹಾಕಿ ಕೇಳಿದಳು. ಅವನು ನಿಜ ಹೇಳಿದ. ಅವಳ ಮುಖ ಸಪ್ಪಗಾಯಿತು.

"ಹಂಗಾದ್ರೆ ತಲೆ ಕೆಟ್ಟಿರೋದ್ಕೆ ಮಾತಾಡ್ಸ್ತಾವ್ಳೆ. ನೆಟ್ಟಗಿದ್ದಿದ್ರೆ ಮಾತಾಡ್ಸ್ತಿರ್ಲಿಲ್ಲ."

"ಹಂಗಲ್ಲ ಅತ್ಗೆ..."

"ಹಂಗೇ ಕಣಪ್ಪ. ಇರ್ಲಿ ಬುಡು."

ಮರುದಿನ ಬೆಳಗ್ಗೆ ಮುನಿಯಮ್ಮ ಬರುವಷ್ಟರಲ್ಲಿ ಆ ಮನೆಯಲ್ಲಿ ಎರಡು ಲೋಟ ಕಾಫಿ ಆರುತ್ತಿತ್ತು. ಆಮೇಲೆ ಹೊಂಬಾಳಮ್ಮನೇ ಈ ಕಡೆ ಬರತೊಡಗಿದಳು. ಮುನಿಯಮ್ಮ ಅಡುಗೆ ಮಾಡುವಾಗ ಬಾಗಿಲಿಗೆ ಒರಗಿ ಕೂತು, ಬಸ್ ಕಂಡಕ್ಟರಿನ ಹಾಗೆ ಒಂದೊಂದೇ ಹೇಳುತ್ತಿದ್ದಳು: "ಈಗ ಉಪ್ಪು. ಹಾಕಾಯ್ತು, ಮತ್ತೆ ಹಾಕ್ಬ್ಯಾಡ. ಈಗ ಹುಣ್ಸೆಹುಳಿ." ಹೆಸರು ಬಾರದೆ ಮುನಿಯಮ್ಮ ಗಾಳಿಯಲ್ಲಿ ಕೈ ಆಡಿಸಿದರೆ ಏನೆಂದು ಇವಳಿಗೆ ತಿಳಿಯುತ್ತಿತ್ತು. ಚಿಕ್ಕಹನುಮಯ್ಯನೂ ಬೈರಪ್ಪನೂ ಜಗಲಿಯಲ್ಲೇ ಕೂತು ಮಾತಾಡಿದರು. ಎರಡು ದಿನಕ್ಕೆ ಮಾತೆಲ್ಲ ಮುಗಿದು, ತಿಪ್ಪಸಂದ್ರದ ಟೀಯೇ ಚೆನ್ನಾಗಿತ್ತೆಂದು ಇಬ್ಬರಿಗೂ ಅನಿಸಿತು. ಅದನ್ನು ಮಾತ್ರ ಯಾರೂ ಹೇಳಿಕೊಳ್ಳಲಿಲ್ಲ.

ಯುಗಾದಿ ಬಂತು. ಮಾರನೆಯ ದಿನ ಹೊಸತೊಡಕು, ಮಾಂಸದೂಟ. ಎರಡೂ ಮನೆಯವರು ಒಟ್ಟಿಗೆ ಉಣ್ಣುವುದೆಂದಾಯಿತು. ಚಿಕ್ಕಹನುಮಯ್ಯ ಬೆಳಗ್ಗೆಯೇ ಹೋಗಿ ಪಾಲು ಹಂಚುತ್ತಿದ್ದ ಕುರಿಮರಿಯ ಮಾಂಸದಲ್ಲಿ ಒಂದು ಗುಡ್ಡೆ ಹಿಡಿದು ತಂದ. ಮುನಿಯಮ್ಮನ ತಲೆ ಅಷ್ಟು ಹೊತ್ತಿಗೆ ಎಷ್ಟೋ ತಿಳಿಯಾಗಿತ್ತು. ಆವತ್ತು ಮಸಾಲೆಯನ್ನು ಯಾರೂ ಹೇಳಿಕೊಡದೆ ತಾನೇ ರುಬ್ಬಿದಳು.

ಗಂಡಸರು ಉಣ್ಣಲು ಕೂತಿದ್ದರು. ಮುದ್ದೆ ಬಿದ್ದಿತ್ತು. ಹೊಂಬಾಳಮ್ಮ ಸೌಟಿನಿಂದ ಒಂದು ತೊಟ್ಟು ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಕಣ್ಣು ಕಿರಿದು ಮಾಡಿ, "ಏನಮ್ಮಾ ಮುನಿಯಮ್ಮ..." ಎಂದು ಶುರುಮಾಡಿದಳು. ಖಾರ ಸರಿಯಾಗಿದೆ ಎಂದು ಹೇಳಹೊರಟಿದ್ದಳು.

ಮುನಿಯಮ್ಮ ಇದ್ದಲ್ಲೇ ನಿಂತಳು.

"ಅವತ್ತು ನೀನು ಹಸಿರು ಸೀರೆ ಉಟ್ಟಿದ್ದೆ," ಎಂದಳು. "ಸೆರಗು ಒಲೆಗೆ ಸುಟ್ಟಿತ್ತು. ಕಾಣಬಾರ್ದು ಅಂತ ಸೊಂಟಕ್ಕೆ ಸಿಗ್ಸಿದ್ದೆ."

ಬೈರಪ್ಪನ ಕೈಯಲ್ಲಿದ್ದ ಮುದ್ದೆಯ ತುತ್ತು ಬಾಯಿಗೆ ಹೋಗಲಿಲ್ಲ.

"ನಿನ್ ತಮ್ಮ ಬಂದಿದ್ದ. ಮಾಗಡಿ ಟೈಲರ್ರೂ ಬಂದಿದ್ದ. ಕಂಬದ ಪಕ್ಕ ಕುಂತಿದ್ರು. ನೀನು ಹಿಂಗೇ ಸಾರು ಬಾಯ್ಗಿಟ್ಕಂಡು, ಎಲ್ರೆದ್ರುಗೂ ಅಂದೆ, 'ಏನಮ್ಮಾ ಮುನಿಯಮ್ಮ, ಮರಿ ಕುಯ್ದು ಹಾಕಿದ್ರಾ, ಇಲ್ಲಾ ಪಾತ್ರೆ ಮುಂದೆ ಮರೀನ ಒಂದ್ಸಲ ಓಡಾಡ್ಸಿ ಕಳಿಸ್ಬುಟ್ರಾ?' ಟೈಲರ್ ನಕ್ಕೂ ನಕ್ಕೂ ನೆತ್ತಿಗೇರಿಸ್ಕಂಡ. ನಾನೇ ಅವನಿಗೆ ನೀರು ಕೊಟ್ಟೆ."

ರಮ್ಯಾಳ ಕಣ್ಣಲ್ಲಿ ನೀರು ತುಂಬಿತು. "ಅತ್ತೆ, ಒಂದೂ ತಡವರಿಸ್ಲಿಲ್ಲ ನೀವು," ಎಂದಳು. "ಎಲ್ಲಾ ಜ್ಞಾಪಕ ಬಂದೈತೆ."

"ಬರಬಾರದ್ದೇ ಮೊದ್ಲು ಬಂತಲ್ಲ," ಎಂದ ಬೈರಪ್ಪ.

ಚಿಕ್ಕಹನುಮಯ್ಯ ತಲೆ ತಗ್ಗಿಸಿ ತಡೆದುಕೊಳ್ಳಲು ನೋಡಿದ. ಆಗಲಿಲ್ಲ. ಭುಜ ಕುಣಿಯಿತು, ಆಮೇಲೆ ಜೋರಾಗಿ ನಕ್ಕ. ನಟರಾಜುವೂ ನಕ್ಕ. ಹೊಂಬಾಳಮ್ಮ ಬೆರಗಿನಿಂದ ಕೇಳಿದಳು, "ನಾನ್ ಹಂಗಂದ್ನಾ? ಚೆನ್ನಾಗೇ ಅಂದಿವ್ನಲ್ಲ."

"ಚೆನ್ನಾಗಿ ಅಂದೆ," ಎಂದಳು ಮುನಿಯಮ್ಮ. ಅವಳ ಮುಖ ಕೆಂಪಾಗಿತ್ತು. "ಅದಕ್ಕೇ ಮರೀಲಿಕ್ಕೆ ಆಗ್ಲಿಲ್ಲ."

ಹೊಂಬಾಳಮ್ಮ ಸೌಟು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಎದ್ದಳು. "ಆಯ್ತು ಕಣೆ. ತಲೆ ನೆಟ್ಟಗಾಯ್ತಲ್ಲ, ಅಷ್ಟ್ ಸಾಕು. ನಾನ್ ಹೋಯ್ತೀನಿ."

"ಎಲ್ಗೋಯ್ತೀಯ? ಕುಂತ್ಕೊ."

ಮುನಿಯಮ್ಮ ತಟ್ಟೆ ಇಟ್ಟು ಮಾಂಸ ಬಡಿಸಿದಳು. ಮುದ್ದೆ ಕಾಣದಷ್ಟು ಬಡಿಸಿ, ಮೇಲೆ ಇನ್ನೊಂದು ಸೌಟು ಹಾಕಿ, ಎದುರಿಗೇ ಕೂತಳು. "ಈಗ ಹೇಳು. ಮರಿ ಸಿಕ್ತಾ?"

ಹೊಂಬಾಳಮ್ಮ ಒಂದು ಮೂಳೆ ತೆಗೆದು ನಿಧಾನವಾಗಿ ಚೀಪಿದಳು. "ಮರಿ ಐತೆ," ಎಂದಳು. "ಉಪ್ಪು ಎಲ್ಲೈತೆ ಅಂತ ಹುಡುಕ್ತಾ ಇವ್ನಿ."

ಆಮೇಲಿನ ಜಗಳ ಊಟ ಮುಗಿದು ಎಲೆಅಡಿಕೆ ಹಾಕಿಕೊಂಡರೂ ಮುಗಿಯಲಿಲ್ಲ. ಉಪ್ಪಿನಿಂದ ಶುರುವಾಗಿ, ಗೋಡೆ ಕಟ್ಟಿಸಿದ್ದು ಯಾರು, ಅತ್ತೆಯ ಹಿತ್ತಾಳೆ ಕೊಳಗ ಯಾರ ಮನೆ ಸೇರಿತು ಎಂಬಲ್ಲಿಗೆಲ್ಲ ಹೋಯಿತು. ಮುನಿಯಮ್ಮನಿಗೆ ಒಂದು ಮಾತಿಗೂ ತಡಕಾಡಬೇಕಾಗಲಿಲ್ಲ. ಹೊಂಬಾಳಮ್ಮ ಬಾಗಿಲು ದೂಡಿಕೊಂಡು ಹೊರಟುಹೋದಳು.

ಮರುದಿನ ಬೆಳಗ್ಗೆ ಬೈರಪ್ಪ ಜಗಲಿಯಲ್ಲಿ ಕೂತು, ಪೇಪರು ಓದುವವನ ಹಾಗೆ ಅದನ್ನು ಮುಖಕ್ಕೆ ಅಡ್ಡ ಹಿಡಿದು ಗೋಡೆಯ ಕಡೆಗೇ ನೋಡುತ್ತಿದ್ದ. ಆಚೆ ಹೊಂಬಾಳಮ್ಮ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು. ಮುನಿಯಮ್ಮ ಹೊರಗೆ ಬಂದು ಹೊಸ್ತಿಲ ಬಳಿ ನಿಂತಳು. ಮುಂದೆ ಹೋಗಲಿಲ್ಲ, ಒಳಗೂ ಹೋಗಲಿಲ್ಲ.

"ಯಾಕ್ ಹಂಗ್ ನಿಂತ್ಕಂಡೆ?" ಎಂದಳು ಹೊಂಬಾಳಮ್ಮ.

"ಆಚೆಗೆ ಯಾಕ್ ಬಂದೆ ಅಂತ ಮರ್ತೋಯ್ತು ಕಣಕ್ಕ."

ಹೊಂಬಾಳಮ್ಮ ಪೊರಕೆ ಕೆಳಗಿಟ್ಟಳು. "ಕಾಪಿಗೆ ಬಂದೆ."

"ಹೌದಾ? ಇರ್ಬೋದು," ಎಂದು ಮುನಿಯಮ್ಮ ಗೋಡೆ ಸುತ್ತಿಕೊಂಡು ಹೋದಳು. ಅವಳಿಗೆ ನಿಜಕ್ಕೂ ಮರೆತಿತ್ತೋ ಇಲ್ಲವೋ ಬೈರಪ್ಪನಿಗೆ ತಿಳಿಯಲಿಲ್ಲ. ಕೇಳುವುದು ಬೇಡವೆನಿಸಿತು. ಪೇಪರು ತಲೆಕೆಳಗಾಗಿತ್ತು, ಅದನ್ನು ಸರಿಮಾಡಿಕೊಂಡು, ಈ ಸಲ ನಿಜವಾಗಿಯೇ ಓದತೊಡಗಿದ.